ಬಲಗೈಯಲ್ಲಿ ಕೊಡೆ

ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಟೈಪಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಸುತ್ತಿಗೆ ಎನ್ನುವವರೂ ಇದ್ದರು, ಅದೂ ಸುಮ್ಮನೆ ಅಲ್ಲ. ಉಳಿದವರು ಟೈಪ್ ಯಂತ್ರದ ಕೀಲಿ ಒತ್ತಿದರೆ ಈಕೆ ಹೊಡೆಯುತ್ತಿದ್ದಳು. ಪೂರ್ಣವಿರಾಮ ಬಂದಲ್ಲೆಲ್ಲ ಹಾಳೆಗೆ ತೂತು ಬೀಳುತ್ತಿತ್ತು. ಏಳು ಕಾರ್ಬನ್ ಪ್ರತಿ ಬೇಕೆಂದರೆ ಬೇರೆಯವರು ಎರಡು ಸಲ ಕೂರಬೇಕು. ಟೈಪಮ್ಮನಿಗೆ ಒಂದೇ ಸಲ ಸಾಕು, ಏಳನೆಯ ಪ್ರತಿಯಲ್ಲೂ ಕೊಂಬು, ದೀರ್ಘ ಎಲ್ಲ ಕಣ್ಣಿಗೆ ಹೊಡೆಯುವ ಹಾಗಿರುತ್ತಿದ್ದವು. ಹಾಳೆ ತಿರುಗಿಸಿ ಬೆನ್ನ ಮೇಲೆ ಕೈಯಾಡಿಸಿದರೆ ಅಕ್ಷರಗಳು ಉಬ್ಬಿಕೊಂಡು ಬೆರಳಿಗೆ ಸಿಗುತ್ತಿದ್ದವು. "ನಿನ್ನ ಕೈಗೆ ಸಿಕ್ಕ ಕಾಗದ ಏನು ಪಾಪ ಮಾಡಿತ್ತಮ್ಮಾ" ಎಂದು ಹೆಡ್ ಗುಮಾಸ್ತರು ಕೇಳದ ದಿನವಿರಲಿಲ್ಲ.

ಈಗ ಆಕೆಗೆ ಎಪ್ಪತ್ತೆರಡು. ಕಚೇರಿ ಬಿಟ್ಟು ಹದಿನಾಲ್ಕು ವರ್ಷ. ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ ದಿನ ತನ್ನದನ್ನು ತಾನೇ ಕೇಳಿ ಪಡೆದು, ಕೂಲಿಯವನ ಕೈಗೂ ಕೊಡದೆ, ದಾರಿಯಲ್ಲಿ ಮೂರು ಕಡೆ ಇಳಿಸಿ ಸುಧಾರಿಸಿಕೊಂಡು ಮನೆಗೆ ಹೊತ್ತು ತಂದಿದ್ದಳು. ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಉದ್ದನೆಯ ಒಂದೇ ಮೇಜು. ಅದರ ಒಂದು ತುದಿಯಲ್ಲಿ ಆ ಯಂತ್ರ, ಇನ್ನೊಂದು ತುದಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಗಂಡನ ಉಳಿಗಳು, ನಡುವೆ ಅವನ ಕಣ್ಣಿಗೆ ಹಾಕುವ ಔಷಧಿಯ ಬಾಟಲಿ.

ಗಂಡನನ್ನು ಅಚ್ಚಪ್ಪ ಎನ್ನುತ್ತಿದ್ದರು. ಸರ್ಕಾರಿ ಮುದ್ರಣಾಲಯದ ನೆಲಮಾಳಿಗೆಯಲ್ಲಿ ಉಕ್ಕಿನ ಅಚ್ಚು ಕೆತ್ತುವುದು ಅವನ ಕೆಲಸ. ಅಚ್ಚಿನಲ್ಲಿ ಎಲ್ಲವನ್ನೂ ತಿರುಗುಮುರುಗಾಗಿ ಕೆತ್ತಬೇಕು, ಕಾಗದದ ಮೇಲೆ ಒತ್ತಿದಾಗಲೇ ಅದು ನೆಟ್ಟಗಾಗುವುದು. ಹಾಗೆ ಕೆತ್ತಿ ಕೆತ್ತಿ ಅವನಿಗೆ ಕನ್ನಡಿಯೊಳಗಿನ ಅಕ್ಷರ ನೇರ ಅಕ್ಷರಕ್ಕಿಂತ ಸಲೀಸಾಗಿ ಓದಲು ಬರುತ್ತಿತ್ತು. ಬದುಕಿನಲ್ಲಿ ನೂರಾರು ಅಚ್ಚು ಕೆತ್ತಿದ್ದ. ಆದರೆ ಅವನ ಹೆಸರು ನಿಂತದ್ದು ಒಂದರಿಂದ, ಅದು ರಾಜ್ಯದ ಮುದ್ರೆ.

ಆ ಮುದ್ರೆಯನ್ನು ನೋಡದವರು ಆ ರಾಜ್ಯದಲ್ಲಿ ಇಲ್ಲ. ಹುಟ್ಟಿದ ಚೀಟಿಯ ಮೂಲೆಯಲ್ಲಿ ಅದೇ, ಶಾಲೆ ಬಿಟ್ಟ ಪತ್ರದ ಮೇಲೆ ಅದೇ, ಪೊಲೀಸರ ಟೊಪ್ಪಿಯ ಮೇಲೆ, ಸರ್ಕಾರಿ ಆಸ್ಪತ್ರೆಯ ಹೊದಿಕೆಯ ಅಂಚಿನಲ್ಲೂ ಅದೇ. ಮೆಟ್ಟಿಲ ಮೇಲೆ ನಿಂತ ಒಬ್ಬ ಹೆಂಗಸು, ಬಲಗೈಯಲ್ಲಿ ಬಿಚ್ಚಿದ ಕೊಡೆ, ಬೆನ್ನ ಹಿಂದೆ ಹುಟ್ಟುತ್ತಿರುವ ಸೂರ್ಯ, ಕಾಲ ಬಳಿ ಮೂರು ಅಲೆ. ಕಚೇರಿಗಳ ಮುಂದೆ ಸಾಲಿನಲ್ಲಿ ನಿಂತು ಕಾಲು ಬಿದ್ದುಹೋದವರಿಗೆ ಅದೊಂದು ತಮಾಷೆಯೂ ಆಗಿತ್ತು. "ನಾವು ಏನು ಕೇಳಿದ್ರೂ ಸರ್ಕಾರದ ಉತ್ತರ ಮುದ್ರೆಯಲ್ಲೇ ಇದೆಯಲ್ಲಪ್ಪ, ಕೊಡೆ! ಕೊಡೆ ಅಂದ್ರೆ ಕೊಡೆ!" ಎಂದು ನಗುತ್ತಿದ್ದರು. ಅಚ್ಚಪ್ಪನಿಗೆ ಈ ತಮಾಷೆಯೂ ಇಷ್ಟವೇ. ಮಗಳು ಹುಟ್ಟಿ ಅವಳ ಚೀಟಿ ಕೈಗೆ ಬಂದ ದಿನ, ಉಬ್ಬಿದ ಮುದ್ರೆಯ ಮೇಲೆ ಆ ಎಳೆಯ ಬೆರಳನ್ನು ಇಟ್ಟು, "ನೋಡು ಕಂದಾ, ನೀನು ಬರೋದಕ್ಕೆ ಮುಂಚೆನೇ ನಿಮ್ಮಪ್ಪ ನಿಂಗೆ ಕೊಡೆ ಹಿಡಿದಿದ್ದ" ಎಂದಿದ್ದ. ಟೈಪಮ್ಮ ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋಗಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆ ಕೊಡೆ ಹುಟ್ಟಿದ್ದು ತನ್ನ ಬೆರಳು ತಪ್ಪಿ ಎನ್ನುವುದು ಆಕೆಯೊಬ್ಬಳಿಗೇ ಗೊತ್ತಿತ್ತು.

ಐವತ್ತು ವರ್ಷದ ಹಿಂದೆ ರಾಜ್ಯ ಹೊಸದು, ಹೊಸ ರಾಜ್ಯಕ್ಕೆ ಹೊಸ ಮುದ್ರೆ ಬೇಕಿತ್ತು. ಅದಕ್ಕಾಗಿ ಐದು ಜನ ದೊಡ್ಡವರ ಸಮಿತಿಯಾಗಿ, ನಾಲ್ಕು ತಿಂಗಳು ಕೂತು ಚರ್ಚೆ ಮಾಡಿದರು. ಒಬ್ಬರಿಗೆ ಸಿಂಹವೇ ಆಗಬೇಕು. "ಈ ಸೀಮೆಯಲ್ಲಿ ಸಿಂಹ ಕಂಡವರು ಯಾರ್ರೀ?" ಎಂದು ಇನ್ನೊಬ್ಬರು ಬಾಯಿ ಮುಚ್ಚಿಸಿದರು. ಹದ್ದು ಎಂದರು, ಅದು ಸತ್ತದ್ದನ್ನು ತಿನ್ನುತ್ತದೆ ಎಂದು ಬಿಟ್ಟರು. ಜೇನುಗೂಡು ಎಂದಾಗ ಅಧ್ಯಕ್ಷರು ಮುಖ ಸಿಂಡರಿಸಿದರು, ಅವರಿಗೆ ಚಿಕ್ಕಂದಿನಲ್ಲಿ ಜೇನು ಅಟ್ಟಿಸಿಕೊಂಡು ಬಂದು ಕಡಿದಿತ್ತಂತೆ. ಎಲ್ಲರಿಗೂ ಸಾಕುಸಾಕಾದ ಒಂದು ಮಧ್ಯಾಹ್ನ, ಯಾರೂ ಬೇಡ ಎನ್ನಲಾರದ ಒಂದು ಚಿತ್ರ ಸಿಕ್ಕಿತು. ನೀರು ತುಂಬಿಕೊಂಡು ಮೆಟ್ಟಿಲೇರಿ ಬರುವ ಹೆಂಗಸು. ಅಧ್ಯಕ್ಷರು ತಮ್ಮ ಕೈಯಾರೆ ಬರೆದರು: ಬಲಗೈಯಲ್ಲಿ ಕೊಡ ಹಿಡಿದು ಮೆಟ್ಟಿಲ ಮೇಲೆ ನಿಂತ ಹೆಂಗಸು, ಹಿಂದೆ ಉದಯಸೂರ್ಯ, ಕೆಳಗೆ ಮೂರು ಅಲೆ. ಚಿತ್ರ ಬರೆಸುವ ಗೋಜಿಗೆ ಹೋಗಲಿಲ್ಲ. ಚಿತ್ರ ಬಂದರೆ ಮೂಗು ಸರಿಯಿಲ್ಲ, ಸೊಂಟ ಸರಿಯಿಲ್ಲ ಎಂದು ಇನ್ನೂ ನಾಲ್ಕು ತಿಂಗಳ ಜಗಳ ಎಂದು ಅವರಿಗೂ ಗೊತ್ತಿತ್ತು. ಕೆತ್ತುವವನೇ ಬರೆದುಕೊಳ್ಳಲಿ ಎಂದು ಸಮಿತಿ ಕೈತೊಳೆದುಕೊಂಡು ಎದ್ದಿತು.

ಆ ಸಾಲುಗಳು ಆಜ್ಞೆಯಾಗಿ ಟೈಪಾಗಲು ಬಂದದ್ದು ಟೈಪಮ್ಮನ ಮೇಜಿಗೆ. ಆಗ ಇಪ್ಪತ್ತೆರಡರ ಹುಡುಗಿ, ಹಂಗಾಮಿ ಕೆಲಸ, ಸೇರಿ ಐದೇ ತಿಂಗಳು. ಅಷ್ಟರಲ್ಲೇ ಎರಡು ತಪ್ಪಿಗೆ ಕೆಂಪು ಗೆರೆ ಬಿದ್ದಿತ್ತು. ಮೂರನೆಯದು ಬಿದ್ದರೆ ಮನೆಗೆ ಎಂದು ಹೆಡ್ ಗುಮಾಸ್ತರು ಮೆಲ್ಲಗೇ ಹೇಳಿದ್ದರು, ಮೆಲ್ಲಗೆ ಹೇಳಿದ್ದರಿಂದಲೇ ಹೆಚ್ಚು ಹೆದರಿಕೆಯಾಗಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಇನ್ನೂ ಓದುವ ಇಬ್ಬರು ತಂಗಿಯರು. ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಹೊಡೆದಳು. ಆದರೆ ಆ ಯಂತ್ರದಲ್ಲಿ ತಲೆಕಟ್ಟಿನ ಕೀಲಿ, ಎತ್ವದ ಕೀಲಿ ಅಕ್ಕಪಕ್ಕ. ಡಕಾರಕ್ಕೆ ತಲೆಕಟ್ಟು ಕೊಡಬೇಕಾದ ಬೆರಳು ಅರೆ ಅಂಗುಲ ಸರಿದು ಎತ್ವ ಕೊಟ್ಟಿತು. ಕೊಡ ಹೋಗಿ ಕೊಡೆಯಾಯಿತು.

ಬೇರೆ ಯಾವ ಪದದಲ್ಲಿ ಹೀಗೆ ತಪ್ಪಿದ್ದರೂ ಅರ್ಥ ಕೆಟ್ಟು ಯಾರಾದರೂ ಹಿಡಿಯುತ್ತಿದ್ದರು. ಇದು ನೋಡಿ, ಆ ಹೆಂಗಸಿನ ಬಲಗೈಯಲ್ಲಿ ಹೇಳಿ ಮಾಡಿಸಿದ ಹಾಗೆ ಕೂತುಬಿಟ್ಟಿತು. ಹಿಂದೆ ಬಿಸಿಲು, ಕೆಳಗೆ ನೀರು, ನಡುವೆ ಕೊಡೆ. ಹೆಡ್ ಗುಮಾಸ್ತರು ಓದಿ ತಲೆಯಾಡಿಸಿದರು. ಮೇಲಿನವರು ಓದಿ ಸಹಿ ಹಾಕಿದರು. ಒಂದೇ ಏಟಿಗೆ ಏಳು ಪ್ರತಿ, ಏಳರಲ್ಲೂ ಅಚ್ಚುಕಟ್ಟಾಗಿ ಕೊಡೆ.

ಒಂದು ವಾರದ ಮೇಲೆ ನೆಲಮಾಳಿಗೆಯಿಂದ ತೆಳ್ಳಗಿನ ಒಬ್ಬ ಯುವಕ ಮೆಟ್ಟಿಲು ಹತ್ತಿ ಬಂದ. ಬೆರಳ ಸಂದಿಯಲ್ಲೆಲ್ಲ ಉಕ್ಕಿನ ಪುಡಿ. ಕೈಯಲ್ಲಿ ಆಜ್ಞೆಯ ಪ್ರತಿ.

"ಒಂದು ಮಾತು ಕೇಳ್ಬೇಕಿತ್ತು," ಎಂದ. "ಸಮಿತಿಯವರಿಗೆ ಚಹಾ ತಂದು ಕೊಡ್ತಿದ್ದರಲ್ಲ, ಅವರು ನಂಗೆ ಮೊದಲೇ ಹೇಳಿದ್ರು, ಹೆಂಗಸು, ಕೈಯಲ್ಲಿ ಕೊಡ ಅಂತ. ಇದ್ರಲ್ಲಿ ನೋಡಿದ್ರೆ ಕೊಡೆ ಅಂತಿದೆ. ಕೊಡವೋ, ಕೊಡೆಯೋ?"

ಟೈಪಮ್ಮ ಪ್ರತಿಯತ್ತ ಬಗ್ಗಿ ನೋಡಿದಳು. ಅಧ್ಯಕ್ಷರ ಓರೆ ಅಕ್ಷರ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಅದರಲ್ಲಿ ಇದ್ದದ್ದು ಕೊಡ, ಅನುಮಾನವೇ ಇಲ್ಲ. ಎರಡು ಮಾರು ದೂರದಲ್ಲಿ ಹೆಡ್ ಗುಮಾಸ್ತರು ಕೆಂಪು ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದರು.

"ಟೈಪ್ ಆಗಿರೋದೇ ಸರಿ," ಎಂದಳು.

ಅವನು ಆಕೆಯ ಮುಖ ನೋಡಿದ. ಆಮೇಲೆ ಹಾಳೆ ತಿರುಗಿಸಿ ಬೆನ್ನ ಮೇಲೆ ಹೆಬ್ಬೆರಳು ಓಡಿಸಿದ. "ಅಬ್ಬಾ, ಏನು ಕೈ ರೀ ನಿಮ್ದು! ನನ್ನ ಉಳಿಗಿಂತ ಗಟ್ಟಿ. ಈ ಕಡೆಯಿಂದಲೇ ಓದಬಹುದು," ಎನ್ನುತ್ತ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಲ್ಲೇ ತಡವಿ ಒಂದು ಸಾಲು ಗಟ್ಟಿಯಾಗಿ ಓದಿಯೂ ತೋರಿಸಿದ. ಅಳು ಉಕ್ಕಿ ಬರುತ್ತಿದ್ದ ಹುಡುಗಿಗೆ ನಗು ಬಂದುಬಿಟ್ಟಿತು. "ಸರಿ, ನೀವು ಹೇಳಿದ ಮೇಲೆ ಮುಗೀತು," ಎಂದು ಅವನು ಇಳಿದು ಹೋದ.

ಅಚ್ಚು ಮುಗಿದು ಮೊದಲ ಮುದ್ರೆ ಬಿದ್ದಾಗ ಸಮಿತಿಯ ಐವರೂ ಅದನ್ನು ನೋಡಿದರು. ಐವರಿಗೂ ಆಶ್ಚರ್ಯ. ತಾನಿಲ್ಲದ ಹೊತ್ತಿನಲ್ಲಿ ಉಳಿದ ನಾಲ್ವರು ಸೇರಿ ಬದಲಾಯಿಸಿದ್ದಾರೆ ಎಂದು ಒಬ್ಬೊಬ್ಬರೂ ಅಂದುಕೊಂಡರು. ನನ್ನನ್ನು ಯಾಕೆ ಕೇಳಲಿಲ್ಲ ಎಂದು ಬಾಯಿಬಿಟ್ಟರೆ ಮರ್ಯಾದೆ ಹೋಗುತ್ತದಲ್ಲ, ಹಾಗಾಗಿ ಎಲ್ಲರೂ ಪೈಪೋಟಿಯ ಮೇಲೆ ಹೊಗಳಿದರು. ಅಧ್ಯಕ್ಷರಂತೂ, ಸರ್ಕಾರ ಎಂದರೆ ಪ್ರಜೆಗಳ ತಲೆಯ ಮೇಲಿನ ಕೊಡೆ ಎಂದು ಅರ್ಧ ಗಂಟೆ ಭಾಷಣ ಬಿಗಿದರು. ದೊಡ್ಡವರ ದೊಡ್ಡತನಕ್ಕೆ ಎಷ್ಟು ಬೆನ್ನು ತಟ್ಟಿದರೂ ಸಾಲದು. ಅವರಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿದ್ದರೆ ಟೈಪಮ್ಮನ ಕೆಲಸ ಆವತ್ತೇ ಹೋಗುತ್ತಿತ್ತು, ಮನಸ್ಸಿನ ಮೇಲಿನ ಭಾರವೂ ಆವತ್ತೇ ಇಳಿಯುತ್ತಿತ್ತು.

ಆ ಯುವಕ ಮತ್ತೆ ಮತ್ತೆ ಮೆಟ್ಟಿಲು ಹತ್ತಿ ಬಂದ. ಅಕ್ಷರ ಓದುವುದಕ್ಕೆ ಎನ್ನುತ್ತಿದ್ದ. ಒಂದೂವರೆ ವರ್ಷಕ್ಕೆ ಮದುವೆಯಾಯಿತು. ಹೊಸದರಲ್ಲಿ ಒಂದು ಭಾನುವಾರ ಅವನು ಟ್ರಂಕಿನ ತಳದಿಂದ ಒಂದು ಕಾಗದ ತೆಗೆದ. ಪೆನ್ಸಿಲಿನಲ್ಲಿ ಬರೆದ ಹೆಂಗಸಿನ ಕೈ. ಕೊಡದ ಕಂಠ ಹಿಡಿದ ನಾಲ್ಕು ಬೆರಳು, ಭಾರಕ್ಕೆ ತುಸು ಒಳಕ್ಕೆ ಬಾಗಿದ ಮಣಿಕಟ್ಟು, ಹೆಬ್ಬೆರಳ ಉಗುರಿನಲ್ಲಿ ಒಂದು ಸೀಳು.

"ನಮ್ಮಮ್ಮನ ಕೈ," ಎಂದ. "ಮೂರು ಮನೆಗೆ ನೀರು ಹೊತ್ತು ನನ್ನ ಓದಿಸಿದ್ದು ಅವಳು. ಮುದ್ರೆಗೆ ಕೊಡ ಅಂತ ಸುದ್ದಿ ಸಿಕ್ಕಾಗ ಒಂದೇ ಉಸಿರಿಗೆ ಕೂತು ಬರೆದಿದ್ದೆ. ಆಮೇಲೆ ಆಜ್ಞೆ ಬಂತು, ಕೊಡೆ ಅಂತ. ಕೊಡೆ ಹಿಡಿಯೋ ಕೈ ಬೇರೆ ಥರ ಕಣೇ. ಅಮ್ಮ ಜೀವಮಾನದಲ್ಲಿ ಕೊಡೆ ಹಿಡಿದವಳಲ್ಲ."

ಹೇಳಿ ಕಾಗದ ಮಡಚಿ ಒಳಗಿಟ್ಟ. ಬೇಸರವೇನೂ ಇರಲಿಲ್ಲ ಅವನ ದನಿಯಲ್ಲಿ, ಟೈಪಮ್ಮನಿಗೆ ತಡೆಯಲಾಗದೇ ಹೋದದ್ದು ಅದೇ. ಆವತ್ತೇ ಹೇಳಬೇಕಿತ್ತು. ಮರುದಿನ ಹೇಳೋಣ ಎಂದುಕೊಂಡಳು, ಮರುದಿನ ಇನ್ನೊಂದು ಮರುದಿನವಾಯಿತು. ಅಲ್ಲಿಂದ ಮುಂದೆ ಅವನಿಗೆ ಬಡಿಸುವಾಗೆಲ್ಲ ಒಂದು ಸೌಟು ಹೆಚ್ಚೇ ಬಡಿಸಿದಳು. ಅವನು ಅದನ್ನು ಪ್ರೀತಿ ಎಂದುಕೊಂಡ. ಪ್ರೀತಿಯೂ ಹೌದು.

ಹೀಗೆ ಐವತ್ತು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ದಾಖಲೆ ವಿಭಾಗದ ಗುಮಾಸ್ತರು ಬಾಗಿಲು ತಟ್ಟಿದರು. ನಲವತ್ತು ದಾಟಿದ ಸಂಕೋಚದ ಮನುಷ್ಯ, ಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲೇ ಇಲ್ಲ. ಮುದ್ರೆಗೆ ಐವತ್ತು ತುಂಬಿದೆ, ಅದು ಹೇಗೆ ಹುಟ್ಟಿತು ಎಂದು ಸರ್ಕಾರ ಒಂದು ಪುಸ್ತಕ ತರುತ್ತಿದೆ ಎಂದರು. ಅಚ್ಚಪ್ಪನ ಮುಖ ಊರಗಲವಾಯಿತು. ಗುಮಾಸ್ತರು ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಒಂದು ಹಾಳೆ ಹೊರತೆಗೆದರು.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಸಮಿತಿ ಅಧ್ಯಕ್ಷರ ಮನೆಯವರು ಅವರ ಹಳೇ ಕಾಗದ ಎಲ್ಲ ನಮಗೆ ಕೊಟ್ರು. ಅದ್ರಲ್ಲಿ ಇದು ಸಿಕ್ತು, ಅವರದೇ ಕೈಬರಹ. ಇದ್ರಲ್ಲಿ ಕೊಡ ಅಂತಿದೆ. ಟೈಪ್ ಆದ ಆಜ್ಞೆ ಒಂದೂ ಉಳಿದಿಲ್ಲ, ಆ ಕಪಾಟಿನ ಮೇಲೆ ನೀರಿನ ಪೈಪ್ ಒಡೆದು ಕಡತ ಎಲ್ಲ ಮುದ್ದೆ ಆಗಿಹೋಯ್ತು. ಈಗ ನಮ್ಮ ಹತ್ರ ಇರೋದು ಎರಡೇ. ಸಮಿತಿ ಬರೆದ ಕೊಡ, ನೀವು ಕೆತ್ತಿದ ಕೊಡೆ."

"ಅಂದ್ರೆ?"

"ಅಂದ್ರೆ... ಕೆತ್ತೋವಾಗ ಕಣ್ತಪ್ಪಿನಿಂದ ಹೀಗಾಯ್ತು ಅಂತ ಸಾಹೇಬ್ರು ಪುಸ್ತಕದಲ್ಲಿ ಬರೆಸ್ತಿದ್ದಾರೆ. ನಿಮ್ಮದೊಂದು ಪುಟದ ಹೇಳಿಕೆ ಬೇಕಿತ್ತು. ಮುದ್ರೆ ಏನೂ ಬದಲಾಗಲ್ಲ, ಜನಕ್ಕೆ ಕೊಡೆನೇ ಇಷ್ಟ."

ಅಚ್ಚಪ್ಪ ನಕ್ಕುಬಿಟ್ಟ. "ಕಣ್ಣು ಹೋಗಿರೋದು ಈಗ ಸ್ವಾಮಿ, ಆಗಲ್ಲ! ಆಜ್ಞೆಯಲ್ಲಿ ಕೊಡೆ ಅಂತಲೇ ಇತ್ತು. ನಾನೇ ಮೇಲೆ ಹೋಗಿ ಕೇಳ್ಕೊಂಡು ಬಂದೆ. ಹೊಡೆದವಳು ಇಲ್ಲೇ ಕೂತಿದ್ದಾಳಲ್ಲ, ಬೇರೆ ಸಾಕ್ಷಿ ಯಾಕೆ? ಏನೇ, ಹೇಳು ಇವರಿಗೆ. ಕೊಡವೋ, ಕೊಡೆಯೋ?"

ಅದೇ ಪ್ರಶ್ನೆ, ಅದೇ ಬಾಯಿ. ಕಣ್ಣಿನ ನಡುಭಾಗಕ್ಕೆ ಮಸುಕು ಬಂದ ಮೇಲೆ ಅವನು ಯಾರನ್ನು ನೋಡಬೇಕಾದರೂ ತುಸು ಪಕ್ಕಕ್ಕೆ ನೋಡುತ್ತಿದ್ದ. ಈಗಲೂ ಆಕೆಯ ಕಿವಿಯ ಕಡೆಗೆ ನೋಡುತ್ತ, ನಗುತ್ತ ಕಾಯುತ್ತಿದ್ದ. ಟೈಪಮ್ಮ ಖಾಲಿ ಲೋಟ ಎತ್ತಿಕೊಂಡಳು.

"ಎಷ್ಟು ಸಾವಿರ ಹಾಳೆ ಹೊಡೆದಿದ್ದೀನೋ," ಎಂದಳು. "ಅದೊಂದು ಎಲ್ಲಿ ನೆನಪಿರುತ್ತೆ."

ಅಚ್ಚಪ್ಪನ ನಗು ಅರ್ಧಕ್ಕೇ ನಿಂತಿತು. ಗುಮಾಸ್ತರು ಅವಸರ ಏನಿಲ್ಲ, ಸೋಮವಾರ ಬಂದು ಹೇಳಿಕೆ ತೆಗೆದುಕೊಂಡು ಹೋಗುತ್ತೇನೆ ಎಂದು ಎದ್ದರು.

ಅವರು ಮೆಟ್ಟಿಲಿಳಿದ ಮೇಲೆ ಅವನು ಕಿಟಕಿಯ ಕಡೆ ತಿರುಗಿ ಕೂತ. ಟೈಪಮ್ಮ ಲೋಟ ತೊಳೆಯುತ್ತಿದ್ದಳು. ಒಂದೇ ಲೋಟವನ್ನು ಮೂರನೆಯ ಸಲ ತೊಳೆಯುತ್ತಿದ್ದಾಗ ಅವನ ದನಿ ಕೇಳಿತು.

"ನಾನೇ ತಪ್ಪು ಓದಿದ್ನೇನೋ. ಮೇಲೆ ಹೋಗಿ ಕೇಳಿದ್ದು ಬೇರೆ ಯಾವುದೋ ಆಜ್ಞೆ ಇರಬಹುದು. ವಯಸ್ಸಾಯ್ತು, ಎಲ್ಲ ಕಲಸುಮೇಲೋಗರ ಆಗಿರುತ್ತೆ." ಟ್ರಂಕಿನ ಕಡೆ ತಿರುಗಿ ಮತ್ತೆ ಹೇಳಿದ. "ಹಾಗಾದ್ರೆ ಅವರು ಕೊಡ ಅಂತಲೇ ಹೇಳಿದ್ರು, ಅಮ್ಮನ ಕೈ ಕೆತ್ತಬಹುದಿತ್ತು. ನಾನೇ ಕಳ್ಕೊಂಡ್ನಾ?"

ಐವತ್ತು ವರ್ಷ ತುಟಿಪಿಟಕ್ಕೆನ್ನದ ಟೈಪಮ್ಮನಿಗೆ ಇದೊಂದನ್ನು ಕೇಳಿಕೊಂಡಿರಲು ಆಗಲಿಲ್ಲ. ಒದ್ದೆ ಕೈಯಲ್ಲೇ ಬಂದು ಅವನ ಮುಂದೆ ನಿಂತಳು.

"ರೀ, ನೀವು ಸರಿಯಾಗೇ ಓದಿದ್ರಿ. ಕೊಡ ಅಂತ ಇದ್ದಿದ್ದನ್ನ ಕೊಡೆ ಅಂತ ಹೊಡೆದವಳು ನಾನು. ನೀವು ಬಂದು ಕೇಳಿದ್ರಲ್ಲ, ಆಗಲೇ ನಂಗೆ ಗೊತ್ತಾಯ್ತು. ಗೊತ್ತಿದ್ದೂ ಸರಿ ಅಂದೆ. ಎರಡು ಕೆಂಪು ಗೆರೆ ಆಗಲೇ ಬಿದ್ದಿತ್ತು, ಮೂರನೇದಕ್ಕೆ ಕೆಲಸ ಹೋಗುತ್ತೆ ಅಂತ ಭಯ. ಈಗ ಅವರ ಮುಂದೆ ನೆನಪಿಲ್ಲ ಅಂದಿದ್ದೂ ಸುಳ್ಳೇ."

ಅಚ್ಚಪ್ಪ ಕುರ್ಚಿಯ ಕೈ ಹಿಡಿದುಕೊಂಡ. ಬೈಯುತ್ತಾನೆ ಎಂದುಕೊಂಡಳು, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಆವತ್ತಿಂದು ಬಿಡು," ಎಂದ. "ನಾನಾಗಿದ್ರೂ ಹಾಗೇ ಹೇಳ್ತಿದ್ದೆ. ಚಿತ್ರ ತೋರಿಸಿದ ದಿನ ಯಾಕೆ ಹೇಳಲಿಲ್ಲ?"

"ನೀವು ಬೇಜಾರು ಮಾಡ್ಕೊಂಡಿರಲಿಲ್ಲವಲ್ಲ, ಅದಕ್ಕೆ," ಎಂದಳು.

ಅವನು ಮೂರು ದಿನ ಮಾತು ಬಿಟ್ಟ. ಊಟ ಬಿಡಲಿಲ್ಲ, ಆಕೆ ಕಣ್ಣಿಗೆ ಔಷಧಿ ಹಾಕುವಾಗ ತಲೆ ಎತ್ತಿಯೂ ಕೊಡುತ್ತಿದ್ದ, ಮಾತು ಮಾತ್ರ ಇಲ್ಲ. ಟ್ರಂಕಿನ ಕಾಗದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಓರೆಯಾಗಿ ನೋಡುತ್ತ ಕೂರುತ್ತಿದ್ದ. ಟೈಪಮ್ಮ ಒಂದು ಸೌಟು ಹೆಚ್ಚು ಬಡಿಸಿದರೆ ಅದನ್ನು ತಟ್ಟೆಯ ಅಂಚಿಗೆ ಸರಿಸಿಡುತ್ತಿದ್ದ. ಭಾನುವಾರ ಮಗಳು ಬಂದವಳು ಇಬ್ಬರ ಮುಖವನ್ನೂ ನೋಡಿ, "ಏನ್ರಮ್ಮಾ ಇದು, ಈ ವಯಸ್ಸಲ್ಲಿ ಟೂ ಬಿಟ್ಟಿದ್ದೀರಾ?" ಎಂದು ಕೇಳಿದಳು. ಇಬ್ಬರೂ ಏನಿಲ್ಲ ಎಂದರು. ಆ ಮೂರು ದಿನದಲ್ಲಿ ಅವರಿಬ್ಬರೂ ಒಪ್ಪಿದ್ದು ಆ ಒಂದು ಮಾತಿಗೆ ಮಾತ್ರ.

ಸೋಮವಾರ ಬೆಳಗ್ಗೆ ಔಷಧಿ ಹಾಕಿಸಿಕೊಂಡು, ಕಣ್ಣು ಒರೆಸಿಕೊಂಡು ಅಚ್ಚಪ್ಪ ಬಾಯಿಬಿಟ್ಟ. "ಯಂತ್ರಕ್ಕೆ ಹಾಳೆ ಹಾಕು. ಹೇಳಿಕೆ ಹೇಳ್ತೀನಿ."

ಟೈಪಮ್ಮ ಹಾಳೆ ಸುತ್ತಿದಳು. ಅವನು ಕಚೇರಿಯ ಭಾಷೆಯಲ್ಲಿ, ಒಂದೊಂದೇ ಮಾತು ತೂಗಿ ಹೇಳಿದ.

"ಸಮಿತಿಯ ಆಜ್ಞೆಯಲ್ಲಿ ಕೊಡ ಎಂದೇ ಇತ್ತು. ಅದನ್ನು ನಾನು ಕೊಡೆ ಎಂದು ಓದಿ ಕೆತ್ತಿದೆ. ತಪ್ಪು ನನ್ನದು. ಬೇರೆ ಯಾರದೂ ಅಲ್ಲ."

ಆಕೆಯ ಬೆರಳು ಕೀಲಿಯ ಮೇಲೇ ನಿಂತವು. "ಯಾಕ್ರೀ ಹೀಗೆ?"

"ಹೊಡಿ ಅಂದೆ. ನನ್ನ ಕೆಲಸ ಮುಗೀತು, ನಂಗಿನ್ನೇನು ಆಗಬೇಕು? ನೀನು ಆ ಮೂರನೇ ಕೆಂಪು ಗೆರೆಗೆ ಹೆದರಿಕೊಂಡೇ ಐವತ್ತು ವರ್ಷ ಕಳೆದೆ. ಈಗ ಪುಸ್ತಕದಲ್ಲಿ ಎಲ್ಲರ ಮುಂದೆ ಹಾಕಿಸ್ಕೋಬೇಕಾ? ಬೇಡ."

ಟೈಪಮ್ಮನಿಗೆ ಕಣ್ಣು ತುಂಬಿ ಕೀಲಿಗಳು ಕಾಣದಾದವು. ಕಾಣಬೇಕಾಗಿಯೂ ಇರಲಿಲ್ಲ. ಮೂಗು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಹೊಡೆಯತೊಡಗಿದಳು. ಮೇಜು ಅದುರಿತು, ಔಷಧಿಯ ಬಾಟಲಿ ಕುಣಿಯುತ್ತ ಅಂಚಿಗೆ ಬಂತು, ಅವನು ಕೈ ಚಾಚಿ ಅದನ್ನು ಹಿಡಿದುಕೊಂಡ. ಅವನು ಹೇಳಿದ್ದು ನಾಲ್ಕೇ ಸಾಲು. ಆಕೆ ಹೊಡೆದೇ ಹೊಡೆದಳು.

ಕೊನೆಗೆ ಹಾಳೆ ಎಳೆದು ತೆಗೆದು ಅವನ ಕೈಗಿಟ್ಟಳು. ಅವನು ಏನು ಮಾಡುತ್ತಾನೆಂದು ಆಕೆಗೆ ಗೊತ್ತಿತ್ತು. ಅವನು ಹಾಳೆಯನ್ನು ಬೋರಲು ಹಾಕಿ, ಮೇಜಿನ ಮೇಲೆ ಹರವಿ, ಹೆಬ್ಬೆರಳನ್ನು ಬಲದಿಂದ ಎಡಕ್ಕೆ ನಿಧಾನವಾಗಿ ಓಡಿಸಿ ಓದಿದ.

ಆಜ್ಞೆಯಲ್ಲಿ ಕೊಡೆ ಎಂದು ಇತ್ತು. ಕೆತ್ತಿದವರು ಸರಿಯಾಗಿ ಓದಿದರು. ಅನುಮಾನ ಬಂದು ಕೇಳಲೂ ಕೇಳಿದರು. ತಪ್ಪು ಹೊಡೆದವಳು ನಾನು, ಸರಿ ಎಂದು ಸುಳ್ಳು ಹೇಳಿದವಳೂ ನಾನೇ. ಈ ಮುದ್ರೆಯಲ್ಲಿ ಇರಬೇಕಾಗಿದ್ದದ್ದು ಅವರ ತಾಯಿಯ ಕೈ. ಅದರ ಚಿತ್ರವನ್ನು ಇದರೊಂದಿಗೆ ಲಗತ್ತಿಸಿದೆ.

ಹೆಬ್ಬೆರಳು ಕೊನೆಯ ಸಾಲಿನಲ್ಲಿ ನಿಂತಿತು. ಹಿಂದಕ್ಕೆ ಹೋಗಿ ತಾಯಿ ಎನ್ನುವ ಪದದ ಮೇಲೆ ಇನ್ನೊಂದು ಸಲ ಓಡಿತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

"ನಾನು ಹೇಳಿದ್ದು ಇದಲ್ಲ," ಎಂದ. "ಮತ್ತೆ ತಪ್ಪು ಹೊಡೆದಿದ್ದೀಯ."

"ಹೂಂ," ಎಂದಳು ಟೈಪಮ್ಮ.

ಅಷ್ಟರಲ್ಲಿ ಗುಮಾಸ್ತರು ಬಂದರು. ಹಾಳೆ ತೆಗೆದುಕೊಂಡು ನಿಂತಲ್ಲೇ ಓದಿದರು, ಟೈಪಮ್ಮನನ್ನು ನೋಡಿದರು, ಮತ್ತೆ ಮೊದಲಿನಿಂದ ಓದಿದರು. ಚೀಲವನ್ನು ಮೊದಲ ಸಲ ಕೆಳಗಿಟ್ಟರು.

"ಯಜಮಾನ್ರೇ," ಎಂದರು ತಡವರಿಸುತ್ತ, "ನಾನು ಕೇಳಿದ್ದು ನಿಮ್ಮ ಹೇಳಿಕೆ. ಇದು ನೋಡಿದ್ರೆ ಅಮ್ಮಾವ್ರದ್ದು. ಇದನ್ನೇ ತಗೊಂಡು ಹೋಗ್ಲಾ, ಏನಾದ್ರೂ ತಿದ್ದೋದಿದೆಯಾ?"

ಅಚ್ಚಪ್ಪ ಎದ್ದ. ಟ್ರಂಕಿನ ತನಕ ಗೋಡೆ ಹಿಡಿದು ಹೋಗಿ, ಮಡಿಕೆಯ ಗೆರೆಗಳಲ್ಲಿ ಸವೆದಿದ್ದ ಆ ಕಾಗದವನ್ನು ತಂದು ಹಾಳೆಯ ಜೊತೆಗಿಟ್ಟ. ಟೈಪಮ್ಮ ಕೆಳಗೆ ಸಹಿ ಮಾಡಿ, ಅದರ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟು ಅವನಿಗೆ ತೋರಿಸಿದಳು. ಅವನು ಆ ಬೆರಳನ್ನು ತಡವಿ ಹಿಡಿದುಕೊಂಡು, ಅದನ್ನು ಬಿಡದೆಯೇ ತನ್ನ ಸಹಿ ಹಾಕಿದ.

"ಏನೂ ತಿದ್ದೋದು ಬೇಡ ಸ್ವಾಮಿ," ಎಂದ. "ಟೈಪ್ ಆಗಿರೋದೇ ಸರಿ."